ಟೈರಿನ ಕೊನೆಯ ಒಂದು ಗೇಣು

ಅಥವಾ ಆ ದಿನ ಟೈರನ್ನು ರಿಮ್ಮಿನೊಳಗೆ ಕೂರಿಸಿದ್ದು ನಾನಲ್ಲವೋ ಏನೋ. ಕಣ್ಣು ಮುಚ್ಚಿ ಯೋಚಿಸಿದರೆ ನನಗೆ ಕಾಣುವುದು ಒಬ್ಬ ಹುಡುಗಿಯ ಬೆನ್ನು. ಎರಡು ಜಡೆ, ಕೆಂಪು ಹೂವಿನ ಲಂಗ, ಮೊಣಕಾಲಿನ ಕೆಳಗೆ ಸೈಕಲ್ಲಿನ ಚಕ್ರ. ಆ ಹುಡುಗಿ ನಾನೇ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಆದರೆ ನನ್ನ ಬೆನ್ನನ್ನು ನಾನು ಎಲ್ಲಿಂದ ನೋಡಿದೆ? ಅಲ್ಲದೆ ಆ ಕೆಂಪು ಲಂಗ ಹೊಲಿಸಿದ್ದು ಅಪ್ಪನಿಗೆ ಮೂಡುಬಿದಿರೆಗೆ ವರ್ಗವಾದ ಮೇಲೆ. ಟೈರಿನ ಪ್ರಸಂಗ ನಡೆದದ್ದು ಅದಕ್ಕೂ ಮೊದಲು, ಬೆಳ್ತಂಗಡಿಯ ಬಾಡಿಗೆ ಮನೆಯಲ್ಲಿ. ಅಂದರೆ ಇನ್ನೂ ಹೊಲಿಸದ ಲಂಗವನ್ನು ಉಟ್ಟುಕೊಂಡು ನಾನು ಟೈರು ಹಾಕಿದ್ದೇನೆ. ಇಂಥ ನೆನಪನ್ನು ನಂಬಿಕೊಂಡು ಒಬ್ಬ ಮನುಷ್ಯನನ್ನು ರಸ್ತೆಗೆ ಬಿಡಬಹುದೇ? ನನ್ನ ಈಗಿನ ಚಿಂತೆ ಅದು.

ಮನೆಯಲ್ಲಿ ಓಡಾಡುವ ಕಥೆ ಅಣ್ಣನದು. ಅವನು ನನಗಿಂತ ಐದು ವರ್ಷಕ್ಕೆ ದೊಡ್ಡವನಾದ್ದರಿಂದ ನನ್ನ ಬಾಲ್ಯದ ಯಜಮಾನಿಕೆಯೂ ಅವನದೇ. ಅವನು ಹೇಳುವ ಪ್ರಕಾರ ಅಪ್ಪನ ಹೆಬ್ಬೆರಳಿಗೆ ಉಗುರುಸುತ್ತು ಆಗಿತ್ತು. ಸೈಕಲ್ಲಿಗೆ ತಂದ ಹೊಸ ಟೈರು ಬಹಳ ಬಿಗಿ. ಅಪ್ಪ ಶಾಲೆಗೆ ಪಾಠ ಮಾಡಲು ಹೊರಡುವ ಹೊತ್ತಾಗಿತ್ತು. ಅಣ್ಣ ಒತ್ತಿ ಒತ್ತಿ ಸೋತು ಕೂತಾಗ, ಐದನೆಯದೋ ಆರನೆಯದೋ ಕ್ಲಾಸಿನ ನಾನು ಜಗಲಿಯಿಂದ ಇಳಿದು ಬಂದು ಎರಡು ಹೆಬ್ಬೆರಳಿಟ್ಟು ಒಂದೇ ಸಲ ಒತ್ತಿದೆನಂತೆ, ಟೈರು ‘ಟಪ್’ ಎಂದು ಒಳಗೆ ಬಿತ್ತಂತೆ. ಅಮ್ಮ ಇದ್ದಷ್ಟು ದಿನ ಬೇರೆ ಕಥೆ ಹೇಳುತ್ತಿದ್ದಳು. ಟೈರು ಹಾಕಿದ್ದು ಪಕ್ಕದ ಮನೆಯ ಪೋಸ್ಟ್‌ಮ್ಯಾನ್. “ನೀನು ಚಕ್ರ ಅಲ್ಲಾಡದ ಹಾಗೆ ಅದರ ಮೇಲೆ ಕೂತಿದ್ದೆ, ಅಷ್ಟೆ. ಕೂತದ್ದಕ್ಕೆ ಒಂದು ತುಂಡು ಬೆಲ್ಲ ಕೇಳಿ ತಿಂದಿದ್ದೆ.” ಅಪ್ಪನನ್ನು ನಾನು ಕೇಳಲೇ ಇಲ್ಲ. ಕೇಳಬೇಕೆಂದು ಹೊಳೆಯುವ ಹೊತ್ತಿಗೆ ಅಪ್ಪ ಇರಲಿಲ್ಲ. ನನಗೆ ಬೆಲ್ಲದ ರುಚಿ ಚೆನ್ನಾಗಿ ನೆನಪಿದೆ. ಹಾಗಾಗಿ ಅಮ್ಮನ ಕಥೆಯೇ ನಿಜ ಎನ್ನೋಣವೆಂದರೆ, ಬೆಲ್ಲ ತಿಂದ ದಿನಗಳು ಒಂದೆರಡೇ?

ಗೆದ್ದದ್ದು ಮಾತ್ರ ಅಣ್ಣನ ಕಥೆ. ಪಾಣೆಮಂಗಳೂರಿಗೆ ಮದುವೆಯಾಗಿ ಬರುವಾಗ ನನ್ನ ಗುಣಗಳ ಪೈಕಿ ಅವನು ನನ್ನ ಗಂಡನಿಗೆ ಹೇಳಿ ಕಳುಹಿಸಿದ್ದು ಅದೊಂದನ್ನೇ: “ಇವಳ ಹೆಬ್ಬೆಟ್ಟು ಒಂದು ನೋಡಿ ಭಾವ.” ಅಂದಿನಿಂದ ಬಿಗಿಯಾದದ್ದೆಲ್ಲ ನನ್ನ ಮುಂದೆ ಬಂದು ಕೂರುತ್ತದೆ. ಉಪ್ಪಿನಕಾಯಿ ಬಾಟಲಿ, ಕುಕ್ಕರಿನ ಮುಚ್ಚಳ, ಟಾರ್ಚಿನ ಹಿಂಬದಿ, ನೆಂಟರ ಸೂಟ್‌ಕೇಸಿನ ಚಿಲಕ. ತೆರೆದರೆ ಸುಮತಿಯ ಹೆಬ್ಬೆಟ್ಟು. ತೆರೆಯದಿದ್ದರೆ, “ಸುಮತಿಗೇ ಆಗಲಿಲ್ಲ ಅಂದ್ರೆ ಕಂಪೆನಿಯವರದೇ ತಪ್ಪು.” ಸೋಲಲು ದಾರಿಯೇ ಇಲ್ಲದ ಈ ಕೀರ್ತಿಯ ಬಗ್ಗೆ ನನಗೆ ಒಳಗೊಳಗೇ ಹೆದರಿಕೆ. ಯಾವತ್ತೋ ಒಂದು ದಿನ ಯಾರಾದರೂ ನಿಜವಾಗಿ ಅದನ್ನು ನಂಬಿ ಬರುತ್ತಾರೆ ಎಂಬ ಹೆದರಿಕೆ. ಅದನ್ನು ನಂಬದೆ ಇರುವುದು ಮೊಬೈಲ್ ಅಂಗಡಿಯ ಬೆರಳಚ್ಚಿನ ಯಂತ್ರ ಒಂದೇ. ಹೊಸ ಸಿಮ್ಮಿಗೆಂದು ಹೋದಾಗ ಅದರ ಮೇಲೆ ಹೆಬ್ಬೆರಳಿಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು ದೀಪ. ಅಂಗಡಿಯವನು, “ಗೆರೆ ಸವೆದು ಹೋಗಿದೆ ಅಕ್ಕ, ಬೇರೆ ಬೆರಳು ಇಡಿ” ಎಂದ. ಇಷ್ಟು ವರ್ಷಗಳಲ್ಲಿ ನನ್ನನ್ನು ಸರಿಯಾಗಿ ಗುರುತಿಸಿದ್ದು ಅದೇ ಇರಬೇಕು.

ಕೊನೆಗೆ ನನ್ನ ಹೆಬ್ಬೆಟ್ಟನ್ನು ನಿಜವಾಗಿ ನಂಬಿ ಬಂದದ್ದು ಬೇರೆ ಯಾರೂ ಅಲ್ಲ, ಅಣ್ಣನೇ. ಹೋದ ಬೇಸಗೆಯಲ್ಲಿ ಒಂದು ಬೆಳಿಗ್ಗೆ ಶಿರ್ತಾಡಿಯಿಂದ ಅವನ ಫೋನು.

“ಸುಮತಿ, ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹೊಸ ಟೈರ್ ತಂದಿದ್ದೇನೆ. ಹೋಗ್ತಾ ಇಲ್ಲ ಮಾರಾಯ್ತಿ. ಕಲ್ಲಿನ ಹಾಗೆ ಉಂಟು. ನೀನು ಬಾ.”

“ನಾನು ಬಸ್ಸು ಹತ್ತಿ ಟೈರ್ ಹಾಕ್ಲಿಕ್ಕೆ ಬರುವುದಾ? ಅಂಗಡಿಗೆ ಕೊಡು ಅಣ್ಣ.”

“ಹಮೀದಾಕನಿಗೆ ಟೈಮಿಲ್ಲವಂತೆ. ಮೊನ್ನೆಯೂ ಇಲ್ಲ, ನಿನ್ನೆಯೂ ಇಲ್ಲ. ಅಲ್ಲೇ ಸ್ಟೂಲಲ್ಲಿ ಕೂತು ಮೊಬೈಲಲ್ಲಿ ಕ್ರಿಕೆಟ್ ನೋಡ್ಲಿಕ್ಕೆ ಟೈಮುಂಟು. ಮುಖ ನೋಡಿ ಮಾತಾಡುವುದೂ ಇಲ್ಲ ಮನುಷ್ಯ. ನಾನು ಎಂತ ಮಾಡಿದ್ದೇನೆ ಅವರಿಗೆ?”

ಹಮೀದಾಕ ಶಿರ್ತಾಡಿ ಪೇಟೆಯಲ್ಲಿ ಸೈಕಲ್ ರಿಪೇರಿ ಮಾಡುವವರು. ಅಣ್ಣನ ಸೈಕಲ್ಲಿಗೆ ಅವನಿಗಿಂತ ಹೆಚ್ಚು ಕೈ ಹಾಕಿದವರು. ಅವರು ಹೀಗೇಕೆ ಮಾಡಿದರೆಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಫೋನು ಇಟ್ಟು ಒಲೆಯ ಮೇಲಿನ ಹಾಲು ಇಳಿಸುವಷ್ಟರಲ್ಲಿ ಅತ್ತಿಗೆಯ ಫೋನು ಬಂತು. ಸ್ವರ ಬಹಳ ಸಣ್ಣದು. ಹಿಂದೆ ನಲ್ಲಿಯಲ್ಲಿ ನೀರು ಬೀಳುವ ಸದ್ದು. ಬಚ್ಚಲಲ್ಲಿ ನಿಂತು ಮಾತಾಡುತ್ತಿದ್ದರು.

“ಸುಮತಿ, ಹಮೀದಾಕನಿಗೆ ನಾನೇ ಹೇಳಿದ್ದು. ನಮ್ಮವರ ಸೈಕಲ್ ಬಂದರೆ, ಇದು ಆಗುವುದಿಲ್ಲ ಅಂತ ಹೇಳಿ ಅಂದೆ. ಅವರು, ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲಮ್ಮ, ಟೈಮಿಲ್ಲ ಅಂತ ಬೇಕಾದ್ರೆ ಹೇಳ್ತೇನೆ ಅಂದ್ರು, ಪಾಪ. ಈಗ ನೀನು ಬಾ. ಬಾ, ಆದ್ರೆ ಅದು ಆಗಬಾರದು.”

“ಯಾವುದು?”

“ಟೈರು. ಒತ್ತಿದ ಹಾಗೆ ಮಾಡು, ಆಗುವುದಿಲ್ಲ ಅಂತ ಹೇಳು. ಬೇರೆ ಯಾರು ಹೇಳಿದ್ರೂ ನಿನ್ನ ಅಣ್ಣ ಒಪ್ಪುವುದಿಲ್ಲ. ನಿನ್ನ ಕೈಯಲ್ಲೇ ಆಗದಿದ್ರೆ ಒಪ್ತಾರೆ.” ನಲ್ಲಿಯ ಸದ್ದು ನಿಂತಿತು. ಫೋನೂ ನಿಂತಿತು.

ಈ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ಇಲ್ಲಿ ಬರೆಯುವಾಗ ಎಲ್ಲರೂ ಸ್ವಲ್ಪ ಹೆಚ್ಚು ಯೋಚಿಸಿ ಮಾತಾಡಿದಂತೆ ಕಾಣುತ್ತಾರೆ. ಅಷ್ಟು ಯೋಚನೆ ಯಾರಿಗೂ ಇರಲಿಲ್ಲ. ಅತ್ತಿಗೆಗೆ ಇದ್ದದ್ದು ಭಯ.

ಭಯಕ್ಕೆ ಕಾರಣವಿತ್ತು. ಅಣ್ಣ ಸೊಸೈಟಿಯ ಗುಮಾಸ್ತಿಕೆಯಿಂದ ನಿವೃತ್ತನಾದಂದಿನಿಂದ ಬೆಳಿಗ್ಗೆ ಸೈಕಲ್ ಹತ್ತಿ ಡೈರಿಗೆ ಹಾಲು ಕೊಡುವ ನೆಪದಲ್ಲಿ ಹೊರಡುತ್ತಾನೆ. ಕ್ಯಾನನ್ನು ಡೈರಿಯಲ್ಲಿ ಬಿಟ್ಟು, ಮೂಡುಬಿದಿರೆಯ ದಾರಿಯಲ್ಲಿ ಮನಸ್ಸು ಬಂದಷ್ಟು ದೂರ ಹೋಗಿ, ಒಮ್ಮೊಮ್ಮೆ ಬಸದಿಯವರೆಗೂ ಹೋಗಿ ಕೈಮುಗಿದು ಬರುತ್ತಾನೆ. ಹಾಗೆ ಹೋಗುತ್ತಿದ್ದಾಗ ಒಂದು ದಿನ ಮನೆಯ ಮುಂದಿನ ಇಳಿಜಾರಿನಲ್ಲೇ ಅವನಿಗೆ ತಲೆ ತಿರುಗಿತು. ಸೈಕಲನ್ನು ಬಿಟ್ಟು ಕರೆಂಟ್ ಕಂಬವನ್ನು ತಬ್ಬಿಕೊಂಡು ನಿಂತಿದ್ದನಂತೆ. ಇದು ಅತ್ತಿಗೆ ಹೇಳುವ ಸಂಗತಿ. ಅವರಿಗೆ ಹೇಳಿದ್ದು ಡೈರಿಗೆ ಹೋಗುತ್ತಿದ್ದ ನೆರೆಮನೆಯವಳು. ಅಣ್ಣನ ಪ್ರಕಾರ ಅವನಿಗೆ ಫೋನು ಬಂದಿತ್ತು, ಮಾತಾಡಲು ನಿಂತ, ಕಂಬ ಪಕ್ಕದಲ್ಲಿತ್ತು. “ಕಂಬ ಇದ್ದರೆ ಒರಗುವುದಿಲ್ವಾ ಮನುಷ್ಯ?” ಯಾರ ಫೋನು ಎಂದರೆ ಚಹ ಕೇಳುತ್ತಾನೆ. ಮೂಡುಬಿದಿರೆಯ ಡಾಕ್ಟರು ಕಿವಿಯೊಳಗಿನ ಏನೋ ಒಂದು ತೊಂದರೆ ಎಂದು ಹೇಳಿ, ಮಾತ್ರೆ ಬರೆದು, “ಸ್ವಲ್ಪ ದಿನ ಸೈಕಲ್ ಬೇಡ” ಎಂದರು. ಈ ‘ಸ್ವಲ್ಪ ದಿನ’ ಆ ಮನೆಯಲ್ಲಿ ಇಬ್ಬರ ನಡುವೆ ಹಂಚಿಹೋಯಿತು. ಅಣ್ಣನಿಗೆ ಅದು ಮಾತ್ರೆಯ ಪಟ್ಟಿ ಮುಗಿಯುವವರೆಗೆ. ಅತ್ತಿಗೆಗೆ ಅದು ಆಯುಷ್ಯ ಮುಗಿಯುವವರೆಗೆ. ಸೈಕಲ್ಲು ಮೂಲೆಯಲ್ಲಿ ನಿಂತು ಹಿಂದಿನ ಟೈರು ಬಿರುಕುಬಿಟ್ಟಾಗ ದೇವರೇ ದಾರಿ ತೋರಿಸಿದ ಎಂದುಕೊಂಡರು ಅವರು. ಅಣ್ಣ ಮರುದಿನವೇ ಹೊಸ ಟೈರು ತಂದ.

ಅದೇ ದಿನ ಮಧ್ಯಾಹ್ನ ಬಿ.ಸಿ. ರೋಡಿನಲ್ಲಿ ಮೂಡುಬಿದಿರೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಸಾಧಾರಣವಾಗಿ ಬಸ್ಸಿನಲ್ಲಿ ಕೂತ ಕೂಡಲೇ ನನಗೆ ನಿದ್ದೆ. ಆ ದಿನ ಎರಡು ಹೆಬ್ಬೆರಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಿದ್ದೆ. ಇವು ಟೈರು ಹಾಕಿದವು ಆಗಿದ್ದರೆ, ಈಗ ಮತ್ತೆ ಹಾಕಿ, ಅಣ್ಣ ಇಳಿಜಾರಿನಲ್ಲಿ ಬಿದ್ದರೆ? ಹಾಕದೆ ಇದ್ದು, ಅಣ್ಣ ಆ ಜಗಲಿಯ ಕುರ್ಚಿಯಲ್ಲೇ ಮುದುಕನಾದರೆ? ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಸಿದ್ದಕಟ್ಟೆಯವರೆಗೆ ಯೋಚಿಸಿದೆ. ಆಮೇಲೆ ಸೋಲುವುದನ್ನು ಅಭ್ಯಾಸ ಮಾಡಿದೆ. ತುಟಿ ಕಚ್ಚುವುದು, ಉಸಿರು ಬಿಡುವುದು, ಕೈ ಕೊಡವುವುದು. ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನು ಒಮ್ಮೆ ನೋಡಿ ಬ್ಯಾಗನ್ನು ತನ್ನ ಆಚೆ ಬದಿಗೆ ಇಟ್ಟುಕೊಂಡಳು.

ಅಣ್ಣನ ಮನೆ ರಸ್ತೆಯ ಬದಿಯಲ್ಲೇ. ನಾನು ಹೋಗುವಾಗ ಅವನು ಅಂಗಳದ ಶೀಟಿನ ನೆರಳಲ್ಲಿ ಗೋಣಿ ಹಾಸಿ ಕೂತಿದ್ದ. ಮುಂದೆ ಚಕ್ರ, ಒಂದು ಬಾಲ್ದಿಯಲ್ಲಿ ಸಾಬೂನಿನ ನೀರು, ಟೈರನ್ನು ಬಿಸಿಲಿಗೆ ಇಟ್ಟಿದ್ದ.

“ಬಂತು ನೋಡು ಹೆಬ್ಬೆಟ್ಟು!” ಎಂದ. “ಬಿಸಿಲಲ್ಲಿ ಇಟ್ಟರೆ ಸ್ವಲ್ಪ ಮೆತ್ತಗೆ ಆಗ್ತದೆ. ಕೂತ್ಕೊ. ಹೊತ್ತು ಮುಳುಗುವ ಮೊದಲು ಊಟ ಆಗಬೇಕು, ಊಟಕ್ಕೆ ಮೊದಲು ಇದು ಆಗಬೇಕು.”

“ಬಂದವಳಿಗೆ ಒಂದು ಲೋಟ ನೀರು ಕೊಡುವ ಕ್ರಮ ಉಂಟಾ ಈ ಮನೆಯಲ್ಲಿ?” ಎಂದು ಅತ್ತಿಗೆ ಒಳಗಿನಿಂದ ಬಂದರು. ನೀರು ಕೊಡುವಾಗ ನನ್ನ ಮುಖವನ್ನೇ ನೋಡಿದರು. ನಾನು ಲೋಟವನ್ನು ನೋಡಿದೆ.

ಸೈಕಲ್ಲಿಗೆ ಟೈರು ಹಾಕಿದವರಿಗೆ ಗೊತ್ತಿರುತ್ತದೆ, ಮುಕ್ಕಾಲು ಭಾಗದವರೆಗೆ ಅದೊಂದು ಕೆಲಸವೇ ಅಲ್ಲ. ಒಂದು ಬದಿ ಕೂರಿಸಿ, ಸ್ವಲ್ಪ ಗಾಳಿ ಹಾಕಿದ ಟ್ಯೂಬನ್ನು ಒಳಗೆ ಸೇರಿಸಿ, ಇನ್ನೊಂದು ಬದಿಯನ್ನು ಎರಡು ಕೈಯಿಂದ ಒತ್ತುತ್ತ ಬಂದರೆ ಟೈರು ಒಳ್ಳೆಯ ಮಗುವಿನಂತೆ ಒಳಗೆ ಹೋಗುತ್ತದೆ. ನಿಮಗೆ ನಿಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಬರುತ್ತದೆ. ಆಮೇಲೆ ಕೊನೆಯ ಒಂದು ಗೇಣು ಉಳಿಯುತ್ತದೆ. ಅದು ರಿಮ್ಮಿನ ಅಂಚಿನ ಮೇಲೆ ಸೆಟೆದು ನಿಂತು, ಎಡಕ್ಕೆ ಒತ್ತಿದರೆ ಬಲಕ್ಕೆ ಹೊರಬರುತ್ತದೆ, ಬಲಕ್ಕೆ ಒತ್ತಿದರೆ ಎಡಕ್ಕೆ. ಚಮಚದ ಹಿಡಿಯನ್ನು ತೂರಿಸಿ ಎಬ್ಬಿಸಬಹುದು. ಎಬ್ಬಿಸಿದರೆ ಒಳಗಿನ ಟ್ಯೂಬನ್ನು ಅದು ಕಚ್ಚಿ ತೂತು ಮಾಡುತ್ತದೆ. ಅಣ್ಣ ಹಿಂದಿನ ದಿನ ಒಂದು ಟ್ಯೂಬನ್ನು ಹಾಗೆ ಕೊಂದಿದ್ದ. ಹಾಗಾಗಿ ಹೆಬ್ಬೆರಳೇ ಗತಿ.

ನಾನು ಚಕ್ರವನ್ನು ಮೊಣಕಾಲಿನ ಕೆಳಗೆ ಇಟ್ಟುಕೊಂಡು ಒತ್ತಿದೆ. ಹೋಗಲಿಲ್ಲ. ಸಾಬೂನಿನ ನೀರು ಹಚ್ಚಿ ಒತ್ತಿದೆ. ಹೋಗಲಿಲ್ಲ. ಬಸ್ಸಿನಲ್ಲಿ ಅಭ್ಯಾಸ ಮಾಡಿದ ಒಂದೂ ಬೇಕಾಗಲಿಲ್ಲ, ತುಟಿ ತಾನಾಗಿ ಕಚ್ಚಿಕೊಂಡಿತು. ಆದರೆ ಒಂದು ಸಂಗತಿ ನನಗೆ ಈಗಲೂ ಸ್ಪಷ್ಟವಿಲ್ಲ. ನಾನು ಪೂರ್ತಿ ಬಲ ಹಾಕಿದ್ದೆನೇ? ‘ಆಗಬಾರದು’ ಎಂದು ಒಬ್ಬರು ಕಿವಿಯಲ್ಲಿ ಹೇಳಿದ ಮೇಲೆ ಕೈಗೆ ಎಷ್ಟು ಬಲ ಇರುತ್ತದೆ, ಅದರಲ್ಲಿ ಎಷ್ಟನ್ನು ಅದು ಹಿಂದೆ ಇಟ್ಟುಕೊಳ್ಳುತ್ತದೆ ಎಂದು ಅಳೆಯುವುದು ಹೇಗೆ? ಹೆಬ್ಬೆರಳು ಬಿಳಿಚಿಕೊಂಡಿತ್ತು, ನಿಜ. ಬಿಳಿಚಿಕೊಳ್ಳುವುದಕ್ಕೆ ಅರ್ಧ ಬಲ ಸಾಕು.

“ಆಗುವುದಿಲ್ಲ ಅಣ್ಣ,” ಎಂದೆ.

“ಹೆಬ್ಬೆಟ್ಟು ಎಲ್ಲಿ ಹೋಯ್ತು ಮಾರಾಯ್ತಿ? ಪಾಣೆಮಂಗಳೂರಲ್ಲಿ ಹೊಳೆಗೆ ಬಿಟ್ಟು ಬಂದೆಯಾ?”

“ಅದು ಆವತ್ತೂ ಇತ್ತೋ ಇಲ್ಲವೋ. ಆ ಟೈರ್ ಹಾಕಿದ್ದು ಪೋಸ್ಟ್‌ಮ್ಯಾನ್ ಅಂತ ಅಮ್ಮ ಹೇಳ್ತಿದ್ದಳಲ್ಲ.”

“ಅಮ್ಮ ಅಡಿಗೆಮನೆಯಲ್ಲಿ ಇದ್ದಳು. ನೋಡಿದ್ದು ನಾನು.” ಅವನು ಬಹಳ ಗಂಭೀರವಾಗಿ ಹೇಳಿದ. “ನೀನು ಆಗುವುದಿಲ್ಲ ಅಂತ ಹೇಳಬೇಡ ಸುಮತಿ. ಬೇರೆ ಎಲ್ಲರೂ ಹೇಳಿ ಆಯ್ತು.”

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. “ಆಗದಿದ್ರೆ ಬಿಡಿ ಮತ್ತೆ. ಸುಮತಿಗೇ ಆಗ್ಲಿಲ್ಲ ಅಲ್ವಾ?” ಎಂದು ಹೇಳಿ, ಹೇಳಿದ್ದು ಸ್ವಲ್ಪ ಬೇಗ ಆಯಿತು ಎಂದು ಅನಿಸಿತೋ ಏನೋ, ಒಲೆಯ ಮೇಲೆ ಏನೋ ಇದೆಯೆಂದು ಒಳಗೆ ಹೋದರು.

ಅವರು ಹೋದ ಮೇಲೆ ನಾನು ಸ್ವರ ಇಳಿಸಿ ಕೇಳಿದೆ. “ಸೈಕಲ್ ಇಲ್ಲದಿದ್ರೆ ಎಂತ ಆಗ್ತದೆ ಅಣ್ಣ? ಬಸ್ಸುಂಟು. ನಡೆದುಕೊಂಡು ಹೋಗಬಹುದು.”

“ನಡೀಬಹುದು. ನಡೆದರೆ ಅವಳೂ ಬರ್ತಾಳೆ.” ಅಣ್ಣ ಸಾಬೂನಿನ ನೀರಲ್ಲಿ ಕೈ ಅದ್ದಿ ಸುಮ್ಮನೆ ಕಲಕಿದ. “ಈ ಮನೆಯಲ್ಲಿ ನಾನೊಬ್ಬ ಎದ್ದರೆ ಎರಡು ಜನ ಏಳ್ತಾರೆ. ಬಚ್ಚಲಿಗೆ ಹೋದ್ರೂ ಬಾಗಿಲಾಚೆಯಿಂದ, ಸರಿ ಉಂಟಾ, ಸರಿ ಉಂಟಾ. ಒಂದು ಸಲ ಕೆಮ್ಮಿದ್ರೆ ಡಾಕ್ಟರ ನಂಬ್ರ ಒತ್ತುತ್ತಾಳೆ. ಪಾಪದವಳು, ಅವಳನ್ನು ಬೈಯುವ ಹಾಗೂ ಇಲ್ಲ. ಸೈಕಲ್ಲಿಗೂ ಕ್ಯಾರಿಯರ್ ಉಂಟು, ಆದ್ರೆ ಅದರಲ್ಲಿ ಅವಳು ಕೂರುವುದಿಲ್ಲ. ನನಗೆ ಅಂತ ಉಳಿದದ್ದು ಅದೊಂದೇ ಜಾಗ.”

“ಈಗಲೂ ಮಂಡೆ ತಿರುಗ್ತದಾ?”

ಅವನು ನನ್ನನ್ನು ನೋಡಿದ. “ನೀನೂ ಕೇಳ್ತೀಯಾ?” ಎಂದ. ಮತ್ತೆ ಚಕ್ರವನ್ನು ತನ್ನ ಕಡೆಗೆ ಎಳೆದುಕೊಂಡ.

ಈ ಬಾರಿ ಅವನೇ ಒತ್ತತೊಡಗಿದ. ಚಕ್ರವನ್ನು ಗೋಡೆಗೆ ಆನಿಸಿ, ಹೊಟ್ಟೆಯಿಂದ ಅದುಮಿ, ಉಸಿರು ಬಿಗಿಹಿಡಿದು ಮುಕ್ಕಿದ. ಕುತ್ತಿಗೆಯ ನರ ಎದ್ದಿತು, ಮುಖ ಕೆಂಪಾಯಿತು, ಕೆಂಪಿನ ಮೇಲೆ ಬೆವರು. “ಸಾಕು ಅಣ್ಣ” ಎಂದೆ. ಅವನಿಗೆ ಕೇಳಲಿಲ್ಲ. ಒಮ್ಮೆ ಎದ್ದು ನಿಲ್ಲಲು ಹೋಗಿ ಗೋಡೆಗೆ ಕೈ ಇಟ್ಟ. ಸುಮ್ಮನೆ ಇಟ್ಟ ಕೈಯೋ, ಹಿಡಿದುಕೊಂಡ ಕೈಯೋ, ನಾನು ತಿಳಿಯುವ ಮೊದಲೇ ಒಳಗಿನಿಂದ ಅತ್ತಿಗೆ ಓಡಿ ಬಂದರು. ಕೈಯಲ್ಲಿ ತೆಂಗಿನೆಣ್ಣೆಯ ಬಾಟಲಿ.

“ಕೂತ್ಕೊಳ್ಳಿ! ಕೂತ್ಕೊಳ್ಳಿ ಮೊದಲು! ಹೀಗೆ ಮುಕ್ಕಿದ್ರೆ ರಸ್ತೆ ಎಂತಕ್ಕೆ, ಇಲ್ಲೇ ಬೀಳ್ತೀರಿ. ಇಕೊಳ್ಳಿ, ಇದನ್ನು ಹಾಕಿ ಮುಗಿಸಿಬಿಡಿ ಒಮ್ಮೆ.”

“ಅತ್ತಿಗೆ, ಎಣ್ಣೆ ಬೇಡ! ರಿಮ್ಮಿಗೆ ತಾಗಿದ್ರೆ ಬ್ರೇಕ್—”

ನನ್ನ ಮಾತು ಮುಗಿಯುವ ಮೊದಲು ಅವರು ಸುರಿದಾಗಿತ್ತು. ನಮ್ಮ ಕಡೆ ಯಾವ ಕಷ್ಟಕ್ಕೂ ಮೊದಲು ಕೈ ಹೋಗುವುದು ತೆಂಗಿನೆಣ್ಣೆಗೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಕಾಲು ಉಳುಕಿದರೆ ಎಣ್ಣೆ, ಉಂಗುರ ಬೆರಳಲ್ಲಿ ಸಿಕ್ಕಿಹಾಕಿಕೊಂಡರೆ ಎಣ್ಣೆ, ಮಗು ಅತ್ತರೆ ನೆತ್ತಿಗೆ ಎಣ್ಣೆ. ಅತ್ತಿಗೆಯ ಕೈ ಯೋಚಿಸಲಿಲ್ಲ, ಅಭ್ಯಾಸದಂತೆ ಬಗ್ಗಿತು. ಎಣ್ಣೆ ಟೈರಿನ ಅಂಚಿನಿಂದ ರಿಮ್ಮಿಗೆ, ರಿಮ್ಮಿನಿಂದ ಸ್ಪೋಕಿಗೆ, ಸ್ಪೋಕಿನಿಂದ ಗೋಣಿಗೆ ಇಳಿಯಿತು. ಅಣ್ಣ ಹೆಬ್ಬೆರಳಿಟ್ಟ. ಅವನೊಬ್ಬನೇ ಮತ್ತೆ ಮುಕ್ಕುವುದು ಬೇಡವೆಂದು ನಾನೂ ಪಕ್ಕದಲ್ಲಿ ಇಟ್ಟೆ. ಅತ್ತಿಗೆ, ದೇವರಾಣೆಗೂ, ಎದುರಿನಿಂದ ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಟೈರು ಸದ್ದೇ ಮಾಡದೆ ಜಾರಿ ಒಳಗೆ ಹೋಯಿತು. ಬೆಣ್ಣೆಯೊಳಗೆ ಬೆರಳು ಹೋದಂತೆ.

“ನೋಡಿದೆಯಾ!” ಅಣ್ಣ ಕೂಗಿದ. “ಸುಮತಿಯ ಹೆಬ್ಬೆಟ್ಟು! ನಾನು ಹೇಳ್ಲಿಲ್ವಾ?”

ನನ್ನ ಕಣ್ಣೆದುರೇ ಕಥೆ ಹುಟ್ಟುತ್ತಿತ್ತು. ನಾಲ್ಕು ಹೆಬ್ಬೆರಳು, ಒಂದು ಬಾಟಲಿ ಎಣ್ಣೆ, ಎದುರಿನಿಂದ ಹಿಡಿದ ಎರಡು ಕೈ, ಎಲ್ಲ ಇದ್ದವು. ಅಣ್ಣನ ಬಾಯಿಗೆ ಬರುವಾಗ ಉಳಿದದ್ದು ನನ್ನದೊಂದೇ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಯೇ ಕಂಡಿರಬೇಕು ಅವನಿಗೆ. ಬೆಳ್ತಂಗಡಿಯ ಜಗಲಿಯ ಮುಂದೆಯೂ ಹೀಗೆ ಏನೇನು ಬಿಟ್ಟುಹೋಗಿತ್ತೋ.

ಅತ್ತಿಗೆ ಅರೆಖಾಲಿ ಬಾಟಲಿ ಹಿಡಿದು ನಿಂತಿದ್ದರು. ಚಕ್ರವನ್ನು ನೋಡಿದರು, ನನ್ನನ್ನು ನೋಡಿದರು. “ಅಯ್ಯೋ,” ಎಂದರು ಮೆಲ್ಲಗೆ. “ನಾನೇ ಹಾಕಿಸಿದೆನಾ?”

ಅಣ್ಣ ಚಕ್ರವನ್ನು ಸೈಕಲ್ಲಿಗೆ ಜೋಡಿಸಿದ, ಗಾಳಿ ಹಾಕಿದ. ಹಿಂಬದಿಯನ್ನು ಎತ್ತಿ ಪೆಡಲ್ ತುಳಿದು ತಿರುಗಿಸಿ ಬ್ರೇಕು ಒತ್ತಿದ. ಬ್ರೇಕಿನ ರಬ್ಬರು ರಿಮ್ಮನ್ನು ಎರಡೂ ಬದಿಯಿಂದ ಹಿಡಿಯಿತು. ಹಿಡಿದ ಹಾಗೆಯೇ ಚಕ್ರ ಏನೂ ಆಗದಂತೆ ತಿರುಗುತ್ತಲೇ ಇತ್ತು. ಇನ್ನೊಮ್ಮೆ ಒತ್ತಿದ. ಇನ್ನೂ ತಿರುಗುತ್ತಲೇ ಇತ್ತು. ಮೂವರೂ ಅದು ತಾನಾಗಿ ನಿಲ್ಲುವವರೆಗೆ ನೋಡಿದೆವು. ಗೇಟ್ ದಾಟಿದರೆ ಇಳಿಜಾರು. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಮೊದಲು ಎದ್ದದ್ದು ಅತ್ತಿಗೆ. “ಎಣ್ಣೆ ತೆಗೀಲಿಕ್ಕೆ ನನಗೆ ಗೊತ್ತುಂಟು,” ಎಂದು ಒಳಗೆ ಹೋಗಿ ಸೀಗೆಪುಡಿಯ ಡಬ್ಬವನ್ನೂ ಒಂದು ಪಾತ್ರೆ ಬಿಸಿನೀರನ್ನೂ ತಂದರು. ಸೀರೆಯ ಸೆರಗು ಸಿಕ್ಕಿಸಿ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹಿಂದಿನ ಚಕ್ರಕ್ಕೆ ಸೀಗೆ ಹಚ್ಚಿ ತಿಕ್ಕತೊಡಗಿದರು. ನಾನು ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದೆ. ಅಣ್ಣ ಚೆಂಬಿನಲ್ಲಿ ನೀರು ಹೊಯ್ದ. ಬ್ರೇಕಿನ ರಬ್ಬರನ್ನು ಕಲ್ಲಿಗೆ ಉಜ್ಜಿದ.

“ಬಾಣಂತಿ ಸ್ನಾನ ಮಾಡಿಸ್ತಾ ಇದ್ದೀಯಲ್ಲ,” ಎಂದ ಅಣ್ಣ. “ಧೂಪ ಕೂಡ ಹಾಕು.”

“ನೀವು ಮಾತಾಡಬೇಡಿ,” ಎಂದರು ಅತ್ತಿಗೆ. ಕಣ್ಣು ಒದ್ದೆಯಾಗಿತ್ತು; ಸೀಗೆಪುಡಿ ಹಾರಿ ಬಿದ್ದಿರಬಹುದು. “ಸುಮತಿ, ಆ ಬದಿ ತಿರುಗಿಸು. ಅಲ್ಲಿ ಇನ್ನೂ ಜಿಡ್ಡು ಉಂಟು.” ಟೈರು ಹೋಗಬಾರದು ಎಂದು ಬಚ್ಚಲಿನಿಂದ ಫೋನು ಮಾಡಿದವರು ಈಗ ಅದು ಸರಿಯಾಗಿ ಓಡಬೇಕೆಂದು ಉಗುರಿನಿಂದ ರಿಮ್ಮು ಕೆರೆಯುತ್ತಿದ್ದರು. ಹೋಗುವುದೇ ಆದರೆ ಬ್ರೇಕು ಹಿಡಿಯಲಿ ಎಂದೋ, ತಾವು ಸುರಿದ ಎಣ್ಣೆಯಿಂದ ಮಾತ್ರ ಬೀಳದಿರಲಿ ಎಂದೋ, ನಾನು ಕೇಳಲಿಲ್ಲ. ಎರಡನೆಯ ಪಾತ್ರೆ ಬಿಸಿನೀರು ಖಾಲಿಯಾದಾಗ ಬ್ರೇಕು ಹಿಡಿದಂತೆ ಕಂಡಿತು. ಅಣ್ಣ ಹಿಡಿಯಿತು ಎಂದ. ಅತ್ತಿಗೆ ಜಾರುತ್ತದೆ ಎಂದರು. ನನಗೆ ಒಮ್ಮೆ ಹಿಡಿದಂತೆ, ಒಮ್ಮೆ ಜಾರಿದಂತೆ ಅನಿಸಿತು.

ಜೈನರಾದ ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ; ಊಟಕ್ಕೆ ಕೂರುವಾಗಲೇ ಹೊತ್ತು ಇಳಿದಿತ್ತು. ಕೊನೆಯ ತುತ್ತಿಗೆ ಸೂರ್ಯ ಇದ್ದನೋ ಇಲ್ಲವೋ ಎಂಬುದರಲ್ಲೂ ಗಂಡ ಹೆಂಡಿರಿಗೆ ಒಮ್ಮತವಿಲ್ಲ. ಅತ್ತಿಗೆ ಮಜ್ಜಿಗೆಯನ್ನು ಬಿಟ್ಟು ಎದ್ದರು. ಅಣ್ಣ ಕಿಟಕಿಯ ಕಡೆ ನೋಡಿ, “ಅದೋ, ಕಾಣ್ತದಲ್ಲ” ಎಂದು ಕುಡಿದು ಮುಗಿಸಿದ. ಕೈ ತೊಳೆದರೂ ನನ್ನ ಹೆಬ್ಬೆರಳಿಂದ ಸೀಗೆಯ, ರಬ್ಬರಿನ ವಾಸನೆ ಹೋಗಲಿಲ್ಲ.

ಬೆಳಿಗ್ಗೆ ಅವನು ಹೊರಟ. ಹಾಲಿನ ಕ್ಯಾನನ್ನು ಹ್ಯಾಂಡಲಿಗೆ ಸಿಕ್ಕಿಸಿ, ಗೇಟಿನವರೆಗೆ ಸೈಕಲನ್ನು ತಳ್ಳಿಕೊಂಡು ಹೋಗಿ, ಬ್ರೇಕು ಒತ್ತಿ ನಮಗೆ ತೋರಿಸಿದ. ತಳ್ಳುವ ಸೈಕಲ್ಲು ನಿಂತಿತು. ತಳ್ಳುವ ಸೈಕಲ್ಲು ಬ್ರೇಕಿಲ್ಲದೆಯೂ ನಿಲ್ಲುತ್ತದೆ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

“ಮೆಲ್ಲ ಹೋಗಿ,” ಎಂದರು ಅತ್ತಿಗೆ.

“ಮೆಲ್ಲ ಹೋದ್ರೆ ಸೈಕಲ್ ಬೀಳ್ತದೆ,” ಎಂದು ಅವನು ಹತ್ತಿದ.

ನಾವಿಬ್ಬರೂ ಗೇಟಿನಲ್ಲಿ ನಿಂತು ನೋಡಿದೆವು. ಅಣ್ಣನ ಬೆನ್ನು ಇಳಿಜಾರಿನಲ್ಲಿ ಚಿಕ್ಕದಾಗುತ್ತ ಹೋಯಿತು. ಬಿಳಿ ಅಂಗಿ, ಬಿಸಿಲು ಇನ್ನೂ ತಾಗದ ರಸ್ತೆ. ಅತ್ತಿಗೆ ನನ್ನ ಮೊಣಕೈಯನ್ನು ಹಿಡಿದುಕೊಂಡಿದ್ದರು, ಚಕ್ರವನ್ನು ಹಿಡಿದ ಹಾಗೆಯೇ. ಕರೆಂಟ್ ಕಂಬ ದಾಟಿತು. ತಿರುವಿನ ಹತ್ತಿರ ಅವನು ನಿಂತ. ಒಂದು ಕಾಲನ್ನು ನೆಲಕ್ಕೆ ಊರಿ, ತಲೆ ತಗ್ಗಿಸಿ, ಸ್ವಲ್ಪ ಹೊತ್ತು ಹಾಗೆಯೇ ನಿಂತ. ಹಿಂದಿನ ಚಕ್ರವನ್ನು ನೋಡುತ್ತಿರುವಂತೆ ಇತ್ತು. ಏನನ್ನೂ ನೋಡದೆ ಇರುವಂತೆಯೂ ಇತ್ತು.

“ಯಾಕೆ ನಿಂತರು?” ಅತ್ತಿಗೆಯ ಬೆರಳು ಬಿಗಿಯಾಯಿತು.

“ಬ್ರೇಕ್ ನೋಡ್ತಾ ಇದ್ದಾನೆ ಅತ್ತಿಗೆ.”

“ನಿನಗೆ ಗೊತ್ತಾ?”

“ಗೊತ್ತು.”

ಅವನು ಮತ್ತೆ ಹತ್ತಿ ತಿರುವಿನಲ್ಲಿ ಮರೆಯಾದ. ಬಿಸಿಲು ಏರುವ ಹೊತ್ತಿಗೆ ಖಾಲಿ ಕ್ಯಾನಿನೊಂದಿಗೆ ತಿರುಗಿ ಬಂದ, ಬಸದಿಗೆ ಹೋಗಿದ್ದೆ ಎಂದ, ಚಹ ಕೇಳಿದ. ನಿಂತದ್ದರ ಬಗ್ಗೆ ಅವನು ಹೇಳಲಿಲ್ಲ, ಅತ್ತಿಗೆ ಕೇಳಲಿಲ್ಲ. ನನ್ನ ಉತ್ತರ ಸಾಕಾಗಿತ್ತು ಅವರಿಗೆ. ಅವನು ಈಗಲೂ ದಿನಾ ಹೋಗುತ್ತಾನೆ. ಅತ್ತಿಗೆ ವಾರಕ್ಕೊಮ್ಮೆ ಫೋನು ಮಾಡಿ ಬೇರೆಲ್ಲ ಮಾತಾಡಿ ಕೊನೆಗೆ, “ನಿನ್ನ ಹತ್ತಿರ ಏನಾದ್ರೂ ಹೇಳಿದ್ರಾ?” ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ, ಅದು ನಿಜ. ಆ ದಿನ ತಿರುವಿನಲ್ಲಿ ಅಣ್ಣ ಬ್ರೇಕು ನೋಡಲು ನಿಂತನೋ, ತಲೆ ತಿರುಗಿ ನಿಂತನೋ, ನನಗೆ ಗೊತ್ತಿಲ್ಲ. ಅತ್ತಿಗೆಯ ಹತ್ತಿರ ‘ಗೊತ್ತು’ ಎಂದು ಹೇಳಿದ್ದೇನೆ.